ಬಾಗಿಲ ಮೇಲಿನ ಎರಡು ಸಾಲು

ಚನ್ನರಾಯನದುರ್ಗದ ಏರಿನ ನಟ್ಟನಡುವೆ ಅನಿಲ್ ಕುಮಾರ್ ಪಂಕ್ಚರ್ ಆದ ಸೈಕಲ್ ಹಿಡಿದು ನಿಂತಿದ್ದ. ತನ್ನ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ ಶರಣ್ಯಾಳನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

"ಸೈಕಲ್ ಶಾಪ್ ದೇವರಾಜಣ್ಣನ ಮಗಳೇ ಸಿಗಬೇಕಾ! ಬಚಾವಾದೆ ಕಣಮ್ಮ. ಅದೇನು, ನೀನೂ ತಳ್ಕೊಂಡು ಬರ್ತಿದ್ದೀಯಾ?"

"ತುಳಿದು ಏನಾಗ್ಬೇಕು ಸರ್? ದೊಡ್ಡಮ್ಮಂಗೆ ಮಾತ್ರೆ ಕೊಡೋಕೆ ಹೊಂಟಿದ್ದೀನಿ, ರೇಸಿಗಲ್ಲ."

ಮೂರು ದಿನದ ಹಿಂದೆ ಅವಳು ಜಿಲ್ಲಾ ಆಯ್ಕೆಯಿಂದ ಹೆಸರು ತೆಗೆಸಿದ್ದಳು. ಅಲ್ಲಿ ಗೆದ್ದಿದ್ದರೆ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ಲಿಗೆ ಹೋಗಬಹುದಿತ್ತು. ಬೇವಿನ ಮರದಿಂದ ಗುಡಿಯ ಕಟ್ಟೆಯವರೆಗಿನ ಈ ಏರು ಹತ್ತಲು ಕಾಲೇಜಿನ ಹುಡುಗರಿಗೆ ಎಂಟು ನಿಮಿಷ ಬೇಕು, ಅವಳಿಗೆ ಏಳೂ ಮುಕ್ಕಾಲು ಸಾಕು. ಗೌರಿ ಹಬ್ಬದ ಹೊತ್ತಿಗೆ ಕೊರಟಗೆರೆಯ ಬ್ಯಾಂಕಿಗೆ ವರ್ಗವಾಗಿ ಬಂದ ಅನಿಲ್ ಕುಮಾರ್ ಅದನ್ನೇ ಆರು ನಿಮಿಷದಲ್ಲಿ, ಶಿಳ್ಳೆ ಹಾಕುತ್ತ ಹತ್ತಿಬಿಟ್ಟ. ಎರಡು ತಿಂಗಳು ದಿನಾ ಬೆಳಿಗ್ಗೆ ಅವಳು ಕಂಡದ್ದು ಅವನ ಬೆನ್ನು. ಒಂದು ಗುಡ್ ಮಾರ್ನಿಂಗ್ ಬಿಟ್ಟರೆ ಬೇರೆ ಮಾತಿಗೆ ಅವಳಲ್ಲಿ ಉಸಿರೇ ಇರುತ್ತಿರಲಿಲ್ಲ.

ವಾಪಸು ಬಂದು ಅವಳು ಹೇಳಿದ ತನ್ನ ಹೊತ್ತು, ಅವನ ಹೊತ್ತು ಎರಡನ್ನೂ ಅಪ್ಪ ದೇವರಾಜು ಅಂಗಡಿಯ ಮರದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಒಂದು ಸಾಲಿನ ತಲೆಯ ಮೇಲೆ 'ಶರಣ್ಯಾ', ಇನ್ನೊಂದರ ಮೇಲೆ 'ಅನಿಲ್'. ಸಂಜೆ ಮಗಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಮೂವತ್ತು ದಾಟಿದ ಬ್ಯಾಂಕಿನೋನೇ ಇಂಗೆ ಹತ್ತುತಾನೆ ಅಂದ್ರೆ, ಅಲ್ಲಿಗೆ ಬರೋ ಹುಡುಗೀರು ಹೆಂಗಿರ್ತಾರೋ ಕಣವ್ವ" ಎನ್ನುತ್ತಿದ್ದ.

ಶರಣ್ಯಾ ಚೀಲದಿಂದ ಪಂಕ್ಚರ್ ಸಾಮಾನು ತೆಗೆದು, ಸೈಕಲ್ಲನ್ನು ತಲೆಕೆಳಗು ಮಾಡಲು ಎತ್ತಿದಳು. ಎತ್ತಿದವಳು ಅರ್ಧಕ್ಕೇ ನಿಂತಳು. ಅವಳ ಸೈಕಲ್ ಅಪ್ಪ ಹಳೇ ಸಾಮಾನು ಜೋಡಿಸಿ ಮಾಡಿದ್ದು, ಹನ್ನೊಂದು ಕಿಲೋ. ಕಡ್ಡಿಯಂತೆ ತೆಳ್ಳಗಿದ್ದ ಈ ಹೊಸ ಸೈಕಲ್ ಅದಕ್ಕಿಂತ ಭಾರವಿತ್ತು.

"ಸರ್, ಇದ್ಯಾಕೆ ಇಷ್ಟು ಭಾರ?"

"ಒಳಗೆ ಬ್ಯಾಟರಿ ಇದೆಯಲ್ಲ," ಎಂದು ಅವನು ಚೌಕಟ್ಟಿನ ಕೆಳಗಿನ ಕೊಳವೆಯನ್ನು ತಟ್ಟಿದ. "ಮೋಟರ್ ಹಿಂದಿನ ಗಾಲಿಯೊಳಗೆ. ಈ ದೀಪ ಹಸಿರಿದ್ರೆ ಫುಲ್ ಚಾರ್ಜ್. ಏರು ಬಂದ್ರೆ ಅದೇ ದೂಡುತ್ತೆ, ನಾನು ಸುಮ್ಮನೆ ಕಾಲಾಡಿಸ್ತೀನಿ. ಏದುಸಿರು ಬರೋ ಕೆಲಸ ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ. ಯಾಕೆ, ನಿಂಗೆ ಗೊತ್ತಿರ್ಲಿಲ್ವಾ?"

ಬಿ.ಎಸ್ಸಿ. ಎರಡನೆಯ ವರ್ಷದ ಶರಣ್ಯಾ ಆ ದೀಪವನ್ನು ಎಷ್ಟೋ ಸಲ ನೋಡಿದ್ದಳು, ಅಲಂಕಾರವಿರಬೇಕು ಎಂದುಕೊಂಡಿದ್ದಳು. ಅವನ ಆರು ನಿಮಿಷವನ್ನು ಸೆಕೆಂಡು ಬಿಡದೆ ಅಳೆದವಳು ಅವನ ಒಣ ಅಂಗಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮುಂದಿನ ಗಾಲಿಯ ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ ಕೆನ್ನೆಗೆ ಹಿಡಿದಳು. ತೂತು ಸಿಕ್ಕಿತು. ಅದರ ಪಕ್ಕದಲ್ಲೇ ಒಂದು ಹಳೆಯ ಪ್ಯಾಚ್ ಇತ್ತು, ಎರಡೂ ತುದಿ ಚೂಪಾಗಿ, ಕಣ್ಣಿನ ಆಕಾರದಲ್ಲಿ ಕತ್ತರಿಸಿದ್ದು. ದುಂಡಗೆ ಕತ್ತರಿಸಿದರೆ ಅಂಚು ಬಿಡುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಸುತ್ತಲ ಊರುಗಳಲ್ಲಿ ಹಾಗೆ ಕತ್ತರಿಸುವವರು ಇಬ್ಬರೇ: ಅಪ್ಪ, ಮತ್ತು ಅವಳು.

"ಇದನ್ನ ಯಾವಾಗ ಹಾಕ್ಸಿದ್ರಿ ಸರ್?"

"ಬಂದ ಮೊದಲ ವಾರ. ನಿಮ್ಮಪ್ಪನೇ ಹಾಕಿದ್ದು. ಎತ್ತಿದ ಕೂಡ್ಲೆ, 'ಹದಿನಾಲ್ಕು ಕಿಲೋ, ಒಳಗೆ ಮೋಟ್ರು ಐತೆ' ಅಂದ್ಬಿಟ್ರು. ಕೈಯಲ್ಲ ಕಣಮ್ಮ ಅದು, ತಕ್ಕಡಿ!"

ಶರಣ್ಯಾ ತಾನೂ ಕಣ್ಣಿನ ಆಕಾರದ ಒಂದು ಪ್ಯಾಚ್ ಕತ್ತರಿಸಿ ಹಳೆಯದರ ಪಕ್ಕ ಅಂಟಿಸಿದಳು. ಅವನು ಶಿಳ್ಳೆ ಹಾಕುತ್ತ ಏರು ಹತ್ತಿ ಮರೆಯಾದ ಮೇಲೆ ಕಾಲೇಜಿನ ದೈಹಿಕ ಶಿಕ್ಷಣದ ವನಜಾಕ್ಷಿ ಮೇಡಂಗೆ ಫೋನ್ ಮಾಡಿ, ಹೆಸರು ಮತ್ತೆ ಸೇರಿಸಬಹುದಾ ಎಂದು ಕೇಳಿದಳು.

"ಈಗ ಕೇಳ್ತೀಯಲ್ಲೇ! ಪಟ್ಟಿ ನಿನ್ನೆ ಹೋಯ್ತು. ನಿನ್ನ ಜಾಗಕ್ಕೆ ದೊಡ್ಡೇರಿ ಕಡೆ ಹುಡುಗಿ ಹಾಕಿದ್ದೀವಿ. ಅಷ್ಟು ಬೇಡ್ಕೊಂಡೆ, ನಿಲ್ಲು ಅಂತ. ಆಗಲ್ಲ ಅಂದೋಳು ನೀನೇ ತಾನೆ?"

"ಹೂಂ ಮೇಡಂ. ನಾನೇ."

ಮಾತ್ರೆ ಕೊಟ್ಟು ಅಂಗಡಿಗೆ ಬಂದಾಗ ದೇವರಾಜು ಬೋಗುಣಿಯ ನೀರಿನಲ್ಲಿ ಯಾರದೋ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.

"ದಾರೀಲಿ ಅನಿಲ್ ಸರ್ ಸೈಕಲ್ಲಿಗೆ ಪಂಕ್ಚರ್ ಹಾಕ್ದೆ ಅಪ್ಪಾ."

ಅವನ ಕೈ ನೀರಿನಲ್ಲೇ ನಿಂತಿತು. ತಲೆ ಎತ್ತಲಿಲ್ಲ.

"ಗಾಳಿ ನಿಂತ್ಕಂತಾ?"

"ನಿಂತ್ಕಂತು. ನೀನು ಹಾಕಿದ್ದೂ ಗಟ್ಟಿಯಾಗೇ ಇತ್ತು."

ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆಯುತ್ತಿದ್ದವು.

"ವಿಜಯಪುರ ಅಂದ್ರೆ ಇಲ್ಲೇ ಮಧುಗಿರಿನಾ, ಸಿರಾನಾ?" ಎಂದ ದೇವರಾಜು ಬೋಗುಣಿಗೇ ಹೇಳುವವನಂತೆ. "ಅಷ್ಟು ದೂರ ಒಬ್ಳನ್ನೇ ಕಳಿಸಾಕೆ ನಂಗೆ ಧೈರ್ಯ ಬರ್ನಿಲ್ಲ. ಬ್ಯಾಡ ಅಂದಿದ್ರೆ ಸಾಯಗಂಟ ನನ್ ಮ್ಯಾಲೆ ಸಿಟ್ಟಿಟ್ಕಂತಿದ್ದೆ. ನೀನಾಗೇ ಸೋತು ಬುಟ್ರೆ ಯಾರ್ ಮ್ಯಾಲೂ ಸಿಟ್ಟಿರಲ್ಲ ಅಂದ್ಕಂಡೆ ಕಣವ್ವ."

ಶರಣ್ಯಾ ಬಾಗಿಲ ಹತ್ತಿರ ಹೋದಳು. ಎರಡು ತಿಂಗಳ ಅಂಕಿಗಳು ಅಪ್ಪನ ದುಂಡು ಅಕ್ಷರದಲ್ಲಿ ಒಂದೂ ತಪ್ಪದೆ ಇದ್ದವು. ಅವನ್ನು ಅವಳು ಮುಟ್ಟಲಿಲ್ಲ. ಎರಡನೆಯ ಸಾಲಿನ ತಲೆಯ ಮೇಲಿದ್ದ 'ಅನಿಲ್' ಅನ್ನು ಮಾತ್ರ ಅಂಗೈಯಿಂದ ಒರೆಸಿ, ಆ ಜಾಗದಲ್ಲಿ 'ಅಪ್ಪ' ಎಂದು ಬರೆದಳು.