ಎಲ್ರೂ ಬಂದ್ರಾ?

"ಇಲ್ಲಿ ಕುದುರೆ ರೇಸು ಲೈವ್ ತೋರಿಸ್ತಾರಂತಲ್ಲಪ್ಪ, ಹೌದಾ?"

ಕೌಂಟರಿನಲ್ಲಿ ಕೂತಿದ್ದ ಷಡಕ್ಷರಿ ತಲೆಯೆತ್ತಿದ. ತುಮಕೂರಿನ ಬಸ್ ನಿಲ್ದಾಣದ ಹಿಂದಿರುವ ಆ ಮಹಡಿಯ ಕ್ಲಬ್ಬಿಗೆ ಹೆಂಗಸರು ಬರುವುದಿಲ್ಲ. ಬಂದರೂ ಗಂಡನನ್ನು ಬೈದು ಎಳೆದೊಯ್ಯಲು ಬರುತ್ತಾರೆ. ಈಕೆಗೆ ಅರವತ್ತರ ಹತ್ತಿರ. ನೂಲಿನ ಸೀರೆ, ಕಂಕುಳಲ್ಲಿ ಬಟ್ಟೆಯ ಚೀಲ. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಯಾರನ್ನ ಹುಡುಕ್ತಿದೀರಮ್ಮ?"

"ಯಾರನ್ನೂ ಇಲ್ಲ. ರೇಸ್ ನೋಡ್ಬೇಕು. ಕುಣಿಗಲ್ಲಲ್ಲಿ ಎಲ್ಲೂ ತೋರಿಸಲ್ವಂತೆ. ಇಲ್ಲಿಗೋಗು ಅಂದ್ರು."

"ಬೆಂಗಳೂರಿಗೇ ಹೋದ್ರೆ ಕಣ್ಣೆದುರಿಗೇ ನೋಡ್ಬೋದಲ್ಲ?"

"ಒಂದ್ಸಲ ಹೋಗಿದ್ದೆ. ಸಾಕು."

ಅಷ್ಟೇ ಹೇಳಿ ಆಕೆ ಟಿವಿಯ ಮುಂದಿನ ಕುರ್ಚಿಯಲ್ಲಿ ಕೂತಳು. ಹೆಸರು ವನಜಮ್ಮ. ಅಂದಿನಿಂದ ಶನಿವಾರ ಮಧ್ಯಾಹ್ನವೆಂದರೆ ಆ ಕುರ್ಚಿ ಆಕೆಯದೇ ಆಯಿತು.

ಬಾಜಿ ಕಟ್ಟುತ್ತಿರಲಿಲ್ಲ. ರೇಸನ್ನು ನೋಡುತ್ತಲೂ ಇರಲಿಲ್ಲ. ಗೇಟು ತೆರೆದ ಕೂಡಲೇ ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತಿದ್ದಳು. ಕ್ಲಬ್ಬಿನಲ್ಲಿ ಕೂಗಾಟ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡೇ ಷಡಕ್ಷರಿಯನ್ನು ಕೇಳುತ್ತಿದ್ದಳು.

"ಎಲ್ರೂ ಬಂದ್ರಾ?"

"ಎಲ್ರೂ ಬಂದ್ರಮ್ಮ."

ಆಗ ದೊಡ್ಡದೊಂದು ಉಸಿರು. ಬಿಗಿದಿದ್ದ ಭುಜಗಳು ಕುಸಿಯುತ್ತಿದ್ದವು. "ಆಯ್ತು ಬುಡು, ಬರೋ ವಾರ ಬರ್ತೀನಿ" ಎಂದು ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು.

ಮುದುಕಿಗೆ ಮೈಮೇಲೆ ದೇವರು ಬರುತ್ತದೆ, ಗೆಲ್ಲುವ ಕುದುರೆ ಗೊತ್ತಿರುತ್ತದೆ ಎಂದು ಗಿರಾಕಿಗಳಲ್ಲಿ ಗುಲ್ಲಾಯಿತು. ಕೊಬ್ಬರಿ ವ್ಯಾಪಾರದ ಸಂಗಮೇಶ ಒಂದು ದಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ಯಾವ್ದು ಗೆಲ್ಲುತ್ತೆ ಹೇಳಮ್ಮ, ನಿನ್ ಕಾಲಿಗ್ ಬೀಳ್ತೀನಿ."

"ಗೆಲ್ಲೋದು ಯಾವ್ದಾದ್ರೆ ನಂಗೇನಪ್ಪ?" ಎಂದಳು ವನಜಮ್ಮ.

ಗುಟ್ಟು ಷಡಕ್ಷರಿಗೆ ತಿಳಿದದ್ದು ಐದನೆಯ ವಾರ. ಆಕೆ ಕೌಂಟರಿಗೆ ಬಂದು ಮೆಲ್ಲನೆ ಕೇಳಿದಳು. "ಭಾನುಪ್ರಕಾಶ ಅಂತ ಒಬ್ಬ ಜಾಕಿ. ಇವತ್ತು ಯಾವ ರೇಸಲ್ಲವ್ನೆ, ವಸಿ ನೋಡಪ್ಪ."

ಆತ ಪಟ್ಟಿಯ ಮೇಲೆ ಬೆರಳಾಡಿಸಿದ. "ನಾಲ್ಕನೇದ್ರಲ್ಲಿ. ಹಸಿರು ಟೋಪಿ. ನಿಮಗೇನಾಗ್ಬೇಕಮ್ಮ?"

"ನನ್ ಕೈತುತ್ತು ತಿಂದು ಬೆಳ್ದೋನು. ನಮ್ಮೆಜಮಾನ್ರು ಕುದುರೆ ಫಾರಂನಲ್ಲಿ ಲಾಯ ನೋಡ್ಕಂತಿದ್ರು. ಹುಡುಗ್ರು ಕುದುರೆ ಹತ್ತೋದು ಕಲ್ತಿದ್ದು ಅಲ್ಲೇ."

ಷಡಕ್ಷರಿ ಪಟ್ಟಿಯನ್ನು ಮಡಚಿಟ್ಟ. ಅವನ ತಾಯಿ ಗುಬ್ಬಿಯ ಮನೆಯಲ್ಲಿ ಪ್ರಾಣ ಬಿಟ್ಟಾಗ ಅವನು ಇದೇ ಕೌಂಟರಿನಲ್ಲಿ ಕೂತಿದ್ದ. "ಮಗನಿಗೋಸ್ಕರ ಇಷ್ಟು ದೂರ ಬರ್ತೀರಲ್ಲಮ್ಮ."

"ಮಗನಿಗೋಸ್ಕರ ಅಲ್ದೆ ಇನ್ಯಾರಿಗೋಸ್ಕರ ಬರ್ಲಿ?"

ಅಲ್ಲಿಂದಾಚೆ ಹಸಿರು ಟೋಪಿ ಅವನಿಗೂ ಸ್ವಂತವಾಯಿತು. ತಿರುವು ಬಂದಾಗ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿದ್ದ. ಒಂದು ಶನಿವಾರ ಭಾನುಪ್ರಕಾಶ ಗೆದ್ದೇಬಿಟ್ಟ. ಷಡಕ್ಷರಿ ಓಡಿಹೋಗಿ ಮೈಸೂರುಪಾಕು ತಂದು ಕೊಟ್ಟ. ವನಜಮ್ಮ ಅದನ್ನು ಮುಟ್ಟದೆ ಮೇಜಿನ ಮೇಲೆಯೇ ಬಿಟ್ಟು ಹೋದಳು. ಮಗನಿಗೆ ದೃಷ್ಟಿಯಾದೀತು ಎಂಬ ಅಂಜಿಕೆ, ಪಾಪ, ಎಂದುಕೊಂಡ.

ಮುಂದಿನ ಸೋಮವಾರ ಗುಬ್ಬಿಯ ಚನ್ನಬಸವೇಶ್ವರನ ಗುಡಿಯಲ್ಲಿ ಭಾನುಪ್ರಕಾಶನ ಹೆಸರು ಹೇಳಿ ಪೂಜೆ ಮಾಡಿಸಿದ. ಶನಿವಾರ ಪ್ರಸಾದದ ಹೂವು ಕೊಟ್ಟಾಗ ಆಕೆ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ನೀನ್ಯಾಕಪ್ಪ ಇದಕ್ಕೆಲ್ಲ ಬಂದೆ? ನನ್ ಹರಕೆ ಬ್ಯಾರೆ ಐತೆ. ಊರಲ್ಲಿ ಮಾರಮ್ಮಂಗೆ ಹೇಳ್ಕಂಡಿದೀನಿ."

ಹೂವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿಗೆ ಹೋದಳು.

ಅಂದು ಆರನೆಯ ರೇಸು. ಹಸಿರು ಟೋಪಿ ಮೂರನೆಯದಾಗಿ ತಿರುವಿಗೆ ಬಂತು. ಪಕ್ಕದ ಕುದುರೆ ಒತ್ತರಿಸಿತು. ಭಾನುಪ್ರಕಾಶನ ಕುದುರೆಯ ಮುಂಗಾಲು ಮಡಚಿತು. ಹಸಿರು ಟೋಪಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ನೆಲಕ್ಕೆ ಬಿತ್ತು. ಹಿಂದೆ ಬರುತ್ತಿದ್ದ ಎರಡು ಕುದುರೆಗಳಿಗೆ ದಾರಿ ಬದಲಿಸಲು ಸಮಯವಿರಲಿಲ್ಲ.

ಯಾವ ಕುದುರೆ ಗೆದ್ದಿತೆಂದು ಯಾರೂ ನೋಡಲಿಲ್ಲ. ಬೆನ್ನ ಮೇಲೆ ಯಾರೂ ಇಲ್ಲದ ಕುದುರೆಯೊಂದು ಕುಂಟುತ್ತ ಬೇಲಿಯ ಕಡೆ ಸರಿಯುತ್ತಿತ್ತು. ಆಂಬುಲೆನ್ಸಿನವರು ಇಳಿದರು, ಬಾಗಿ ನೋಡಿದರು. ಆಮೇಲೆ ಅವಸರ ಮಾಡಲಿಲ್ಲ. ಹಸಿರು ಪರದೆ ಹಿಡಿದು ಮರೆಮಾಡಿದರು.

ಷಡಕ್ಷರಿ ಕೌಂಟರು ದಾಟಿ ಓಡಿ ಬಂದು ವನಜಮ್ಮನ ಮುಂದೆ ಮಂಡಿಯೂರಿದ. ಆಕೆ ಟಿವಿ ನೋಡದಂತೆ ಅಡ್ಡ ಕೂತ. ಆಕೆಯ ಕೈ ಹಿಡಿದುಕೊಂಡ.

"ಅಮ್ಮಾ, ಆ ಕಡೆ ನೋಡ್ಬೇಡಿ. ಕಾರು ತರಿಸ್ತೀನಿ, ಬೆಂಗಳೂರಿಗೆ ನಾನೇ ಕರ್ಕೊಂಡ್ ಹೋಗ್ತೀನಿ. ಧೈರ್ಯ ತಂದ್ಕೊಳ್ಳಿ. ನಿಮ್ ಮಗ..." ಮುಂದಿನ ಮಾತು ಹೊರಡದೆ ಅತ್ತುಬಿಟ್ಟ.

ವನಜಮ್ಮ ಕಣ್ಣು ತೆರೆದಳು. ಅವನ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪರದೆ ಹಿಡಿದವರನ್ನು ಕಣ್ತುಂಬ ನೋಡಿದಳು. ಆಮೇಲೆ ಮಗುವನ್ನು ಸಂತೈಸುವಂತೆ ಅವನ ತಲೆ ಸವರಿದಳು.

"ಅಳ್ಬೇಡ ಕಣಪ್ಪ, ಅವನು ನನ್ ಮಗ ಅಲ್ಲ; ಗೆಲ್ಲೋ ಆಸೇಲಿ ಅಡ್ಡ ನುಗ್ಗಿ, ಮೂರು ವರ್ಷದ ಹಿಂದೆ ನನ್ ಕಣ್ಣೆದುರಿಗೇ ನನ್ ಮಗ ನಾಗೇಶನ್ನ ಹಿಂಗೇ ಬೀಳಿಸಿದೋನು."