ಒಲೆಗೆ ಹಾಕದ ಅಚ್ಚು

ಚಳಿ ಇನ್ನೇನು ಶುರುವಾಗುವುದರಲ್ಲಿತ್ತು. ಬೆಳಗಿನ ಹತ್ತು ಗಂಟೆ. ಅಪ್ಪ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ ಮಾರನೆಯ ದಿನ ಮಗಳು ಬೂಟಿನಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಸ್ಟೂಲು ಹತ್ತಿದಳು. ಮೇಲಿನ ಹಲಗೆಗೆ ಕೈ ಹಾಕಬಾರದೆಂದು ಅಪ್ಪನ ಕಟ್ಟಪ್ಪಣೆ. ಅಲ್ಲಿದ್ದದ್ದು ಅಮ್ಮನ ಕಾಲಿನ ಅಚ್ಚು.

ಅಳತೆ ಕೊಟ್ಟ ಪ್ರತಿಯೊಬ್ಬರಿಗೂ ಆ ಅಂಗಡಿಯಲ್ಲಿ ಒಂದು ಜೊತೆ ಮರದ ಅಚ್ಚು. ಅದರ ಮೇಲೆಯೇ ಬೂಟು ಕಟ್ಟುವುದು. ವಯಸ್ಸಾದಂತೆ ಗಿರಾಕಿಯ ಕಾಲು ಊದುತ್ತದೆ, ಗಂಟು ಏಳುತ್ತದೆ. ಅಚ್ಚಿಗೂ ಅಲ್ಲಲ್ಲೇ ಚರ್ಮದ ತೇಪೆ ಹಾಕಬೇಕು. ಗಿರಾಕಿ ತೀರಿಕೊಂಡರೆ ಅಚ್ಚು ಒಲೆಗೆ. ಅಮ್ಮನದೊಂದನ್ನು ಮಾತ್ರ ಅಪ್ಪ ಸುಟ್ಟಿರಲಿಲ್ಲ.

ಅಮ್ಮ ಹೋದಾಗ ಅವಳಿಗೆ ಮೂರು ವರ್ಷ. "ಜ್ವರ ಬಂತು, ಎರಡೇ ದಿನ." ಅಪ್ಪ ಹೇಳಿದ್ದು ಅಷ್ಟೆ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ.

ಓದಿನಲ್ಲಿ ಮುಂದಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಕೆಲಸ ತಾನಾಗಿ ಬಂದಿತ್ತು. ಅದನ್ನು ಬಿಟ್ಟು ಸೂಜಿ ಹಿಡಿದಾಗ ಜನ ಬಾಯಿಗೆ ಬಂದದ್ದು ಆಡಿದರು. ಕಸುಬಿನ ಹುಚ್ಚು ಎಂದರು ಕೆಲವರು. ಗಂಡಸರ ಕೆಲಸ ಮಾಡಿ ತೋರಿಸುವ ಹಟ ಎಂದರು ಇನ್ನು ಕೆಲವರು. ಎರಡೂ ಅಲ್ಲ. ಚರ್ಮದ ವಾಸನೆಗೆ ಅವಳಿಗೆ ಇವತ್ತಿಗೂ ತಲೆನೋವು.

"ಒಂದು ಜೊತೆ ಪೂರ್ತಿ ನೀನೇ ಮಾಡಿದ ದಿನ ಅಮ್ಮನ ಅಚ್ಚು ನಿಂದೇ," ಎಂದು ಅಪ್ಪ ಮಾತು ಕೊಟ್ಟಿದ್ದ. ಆ ಒಂದು ಮಾತಿಗೆ ಹನ್ನೆರಡು ವರ್ಷ ಬೆರಳು ಚುಚ್ಚಿಸಿಕೊಂಡಳು. ನೂರಾರು ಜೊತೆ ಮಾಡಿದಳು. ಕೇಳಿದಾಗಲೆಲ್ಲ ಅಪ್ಪ ಬೂಟು ತಿರುಗಿಸಿ ನೋಡಿ, "ಹೊಲಿಗೆ ಇನ್ನೂ ಕೂತಿಲ್ಲ ಮಗಳೇ," ಎನ್ನುತ್ತಿದ್ದ. ಕೊಡಲು ಮನಸ್ಸು ಬಾರದಷ್ಟು ಪ್ರೀತಿಯಿರಬೇಕೆಂದು ಅವಳು ಸುಮ್ಮನಾಗುತ್ತಿದ್ದಳು.

ವರ್ಷಕ್ಕೊಮ್ಮೆ, ಚಳಿಗೆ ಮುಂಚೆ, ಅಪ್ಪ ಒಬ್ಬನೇ ಕೂತು ಹೆಂಗಸರ ಬೂಟು ಒಂದು ಜೊತೆ ಹೊಲಿದು ಮೊದಲ ಬಸ್ಸು ಹತ್ತುತ್ತಿದ್ದ.

"ಹಳೇ ಗಿರಾಕಿ. ಅವರಿಗೆ ನಡೆಯೋಕಾಗಲ್ಲ."

"ನಡೆಯೋಕಾಗದವರಿಗೆ ವರ್ಷ ವರ್ಷ ಬೂಟು ಯಾಕಣ್ಣಾ?" ಪಕ್ಕದ ಟೈಲರ್ ಕಿಚಾಯಿಸುತ್ತಿದ್ದ. "ಅದೂ ಇಷ್ಟು ನೀಟಾಗಿ ತಲೆ ಬಾಚ್ಕೊಂಡು!" ಮಗಳೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಈ ವರ್ಷದ ಜೊತೆ ಡಬ್ಬದಲ್ಲಿ ಸಿದ್ಧವಾಗಿತ್ತು. ನಾನು ಬರುವವರೆಗೆ ಮುಟ್ಟಬೇಡ ಎಂದು ಹೇಳಿಹೋಗಿದ್ದ.

ಮಗಳು ಅಚ್ಚಿನ ಚೀಲ ಬಿಚ್ಚಿದಳು. ಎದೆಗೊತ್ತಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು. ಸ್ಟೂಲಿನಿಂದ ಇಳಿದು ಈ ವರ್ಷದ ಡಬ್ಬ ತೆರೆದಳು.

ಸಂಜೆ ಆಸ್ಪತ್ರೆಗೆ ಹೋದಳು. ಅಪ್ಪನ ಕಣ್ಣಿಗೆ ಪಟ್ಟಿ.

"ಅಪ್ಪಾ, ಅಮ್ಮ ಹೋಗಿ ಎಷ್ಟು ವರ್ಷ ಆಯ್ತು?"

"ಮೂವತ್ತೊಂದು. ಈಗ್ಯಾಕೆ ಅದು?"

"ಸುಮ್ನೆ. ನಿಮ್ಮ ಹಳೇ ಗಿರಾಕಿಗೆ ಡಬ್ಬ ನಾನೇ ಕೊಟ್ಟು ಬರ್ತೀನಿ."

ಅಪ್ಪನ ಕೈ ಹೊದಿಕೆಯ ಮೇಲೆ ಏನನ್ನೋ ತಡಕಾಡಿತು. "ಬೇಡಮ್ಮಾ. ಅವರಿಗೆ ಹೊಸಬರನ್ನ ಕಂಡ್ರೆ ಆಗಲ್ಲ."

"ಹೊಸಬರು," ಎಂದಳು ಮಗಳು. ಹೊದಿಕೆ ಸರಿಮಾಡಿ ಎದ್ದಳು.

ಅಪ್ಪ ಎಲ್ಲಿ ಇಳಿಯುತ್ತಾನೆಂದು ಕಂಡಕ್ಟರಿಗೆ ಗೊತ್ತಿತ್ತು. ಮರುದಿನ ಮೊದಲ ಬಸ್ಸಿಗೆ ಮಗಳು ಹೊರಟುಹೋದಳು. ಮಡಿಲಲ್ಲಿ ಡಬ್ಬ. ಡಬ್ಬದ ಬೂಟಿನೊಳಗೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿದ್ದ ಅಮ್ಮನ ಅಚ್ಚು. ಅದರ ಹೆಬ್ಬೆರಳ ಬುಡದಲ್ಲಿ ಒಂದರ ಮೇಲೊಂದು ಚರ್ಮದ ತೇಪೆ. ಮೇಲಿನದರ ಅಂಟಿನ ಘಾಟು ಇನ್ನೂ ಹೋಗಿರಲಿಲ್ಲ.