ಕುಂಡೆಕುಸ್ಕನ ಜ್ವರ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಬೈರಮಂಗಲದ ಅಜ್ಜಿ ಮನೆಯ ಆ ಮಧ್ಯಾಹ್ನ ಇವತ್ತಿಗೂ ಕಣ್ಮುಂದೆ ಬರುತ್ತದೆ.

ಗಂಡನ ಮನೆ ಬಿಟ್ಟು ಬಂದಿದ್ದ ಚಿಕ್ಕಮ್ಮ ಹಿತ್ತಲಲ್ಲಿ ಕೂತಿದ್ದಳು. ಅವಳೆದುರಿನ ಕಾಲುವೆ ಬದಿಯಲ್ಲಿ, ಚಳಿಗಾಲಕ್ಕೆಂದು ಬಂದಿದ್ದ ಕುಂಡೆಕುಸ್ಕ ಹಕ್ಕಿ ಬಾಲ ಕುಣಿಸುತ್ತಿತ್ತು. ಬೂದು ಪುಕ್ಕ ಉದುರಿ, ಎದೆಯ ಮೇಲೆ ಅಲ್ಲಲ್ಲಿ ಹಳದಿ ತೇಪೆ ಹಾಕಿದಂತಿತ್ತು.

"ಅಜ್ಜಿ, ಹಕ್ಕಿಗೆ ಕಾಯ್ಲೆ. ಹಿಡ್ಕೊಂಡ್ ಬರ್ಲಾ?" ಅಂದೆ.

ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅಜ್ಜಿ ಹೊರಗೆ ಇಣುಕಿದಳು. "ಕಾಯ್ಲೆ ಅಲ್ಲ ಕಣಮ್ಮಿ, ಜ್ವರ. ನಮ್ ಹುಳ ಪೊರೆ ಬುಡೋವಾಗ ಮೇವು ಬುಟ್ಟು ಜ್ವರಕ್ಕೆ ಕೂರಾಕಿಲ್ವಾ, ಅಂಗೇಯ. ಹೊಸ ಪುಕ್ಕ ಬಂದ್ಮೇಲೆ ಅದು ಬಲು ದೂರ ಹಾರೋಗ್ಬೇಕು. ಅಲ್ಲೀಗಂಟ ಯಾರೂ ಮುಟ್ಬಾರ್ದು."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ನಿನ್ ಮಗಳು ಯಾವಾಗ ವಾಪಸ್ ಹೋಯ್ತಾಳಂತೆ? ಒಸಿ ಮಾತಾಡಿಸ್ತೀನಿ" ಅಂತ ಒಳಗೆ ಕಾಲಿಟ್ಟಳು.

ಅಜ್ಜಿ ಅಡ್ಡ ನಿಂತಳು. "ಹುಳ ಜ್ವರಕ್ಕೆ ಕೂತವೆ ಕಣವ್ವ. ಹೊರಗಿನೋರು ಬರಂಗಿಲ್ಲ."

ತಟ್ಟೆಗಳಲ್ಲಿ ಹುಳಗಳು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ಮೇಯುತ್ತಿದ್ದವು. "ಮೇಯ್ತಾ ಅವಲ್ಲಜ್ಜಿ..." ಅನ್ನುವಷ್ಟರಲ್ಲಿ, ಸೊಪ್ಪು ಮುಟ್ಟಿದ ಅವಳ ಒರಟು ಕೈ ನನ್ನ ಬಾಯಿ ಮುಚ್ಚಿತ್ತು.